ಬಾಲದ ಗಾಡಿ

ಶುಕ್ರವಾರ ರಾತ್ರಿ, ಶಟರು ಅರ್ಧ ಎಳೆದ ಮೇಲೆ
ಜೆ.ಸಿ. ರಸ್ತೆಯ ನನ್ನ ಅಂಗಡಿಯೊಳಗೆ
ರೆಕ್ಸಿನ್ ಸುರುಳಿಗಳ ಮೇಲೆ ಕೂತಿದ್ದೇವೆ ಆರು ಜನ.
ಬೈಟೂ ಕಾಫಿ ಮೂರು. ಕತ್ತರಿ, ಗೋಂದು, ಮೊಳೆ ಡಬ್ಬಿ.
ನಡುವೆ ಬೋರಲು ಮಲಗಿದೆ ಹೋದ ತಿಂಗಳ ಕ್ಯಾಲೆಂಡರು.
ಅದರ ಬೆನ್ನ ಮೇಲೆ, ನಾನು ಸೀಟಿಗೆ ಗುರುತು ಹಾಕುವ
ನೀಲಿ ಚಾಕಿನಲ್ಲಿ
ಗಂಗಹನುಮಯ್ಯ ಭಾನುವಾರದ ದಾರಿ ಬರೆಯುತ್ತಿದ್ದಾರೆ.

ಹೈವೇ ಬೇಡ. ನಮಗಿರುವುದು ಅದೊಂದೇ ಕಾಯಿದೆ.
"ಟೋಲಿದ್ದ ಕಡೆ ಹಕ್ಕಿ ಕೂರಲ್ಲ" ಅಂತಾಳೆ ಫಿಲೋಮಿನಾ.
"ಬೈಕಿಗೆ ಟೋಲೆಲ್ಲಿದೆ ತಾಯಿ" ಅಂತಾನೆ ಅಷ್ಫಾಕ್.
"ನನಗಲ್ಲಪ್ಪ, ಹಕ್ಕಿಗೆ."

ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟವರು ಗಂಗಹನುಮಯ್ಯ.
ಹೆಗಲ ಮೇಲೆ ವಾಲ್ವಿನ ಕೀಲಿ, ಕೆಳಗೆ ಹಳೇ ಜಾವಾ.
ಅವರ ಲೆಕ್ಕದಲ್ಲಿ ರಸ್ತೆ ಅಂದರೆ
ಕೊಳವೆಯ ಜೊತೆಗೆ ನಡೆದುಕೊಂಡು ಹೋಗುವ ಮಣ್ಣು.
ಸುಂಕದಕಟ್ಟೆಯಲ್ಲಿ ಪೆಟ್ರೋಲು. ತಾವರೆಕೆರೆಯಲ್ಲಿ ತಟ್ಟೆ ಇಡ್ಲಿ.
ಸಾವನದುರ್ಗದ ಬೆನ್ನ ಕಡೆಯಿಂದ ಮಾಗಡಿ,
ಅಲ್ಲಿಂದ ಹುಲಿಯೂರುದುರ್ಗದ ತನಕ
ಹುರುಳಿ ಒಣಹಾಕಿದ ಟಾರು, ನಿಧಾನ, ಜಾರ್ತದೆ.
"ಇಲ್ಲೊಂದು ಹುಣಿಸೆಮರ. ಮರದ ಹತ್ತಿರ ಎಡಕ್ಕೆ."
ಅಷ್ಫಾಕ್ ಫೋನು ಹಿಗ್ಗಿಸಿ ನೋಡಿದ.
"ಮರ ಇಲ್ಲ ಸಾರ್. ಲೇಔಟಾಗಿದೆ.
ಕಮಾನಿದೆ, ಎರಡು ಸಿಮೆಂಟಿನ ಆನೆ."
ಹೆಬ್ಬೆರಳಲ್ಲಿ ಮರ ಒರೆಸಿದರು;
ನೀಲಿ ಹರಡಿ, ಕೆರೆಯೊಂದು ಹುಟ್ಟಿಕೊಂಡಿತು ಕಾಗದದಲ್ಲಿ.
"ಸರಿ. ಎಡಗಡೆ ಆನೆಯ ಸೊಂಡಿಲು ಹಿಡಿದು ಹೋಗಿ."

ಪಂಕ್ಚರ್ ಸಾಮಾನು ನಂಜುಂಡಾಚಾರ್ ಹೊಣೆ.
ಕ್ಲಚ್ ವೈರು, ಹಗ್ಗ, ಅಷ್ಫಾಕ್‌ದು.
ಫಿಲೋಮಿನಾ ರಾತ್ರಿ ಡ್ಯೂಟಿ ಮುಗಿಸಿ
ಆಸ್ಪತ್ರೆಯ ಬಿಳಿ ಬೂಟಿನಲ್ಲೇ ಬರ್ತಾಳೆ,
ನಿದ್ದೆಗಣ್ಣು, ಅವಳು ಮಧ್ಯೆ ಇರಲಿ.
ಹೊಸ ಹುಡುಗ ತೇಜಮೂರ್ತಿ, ಟ್ಯಾಂಕಿನ ಪ್ಲಾಸ್ಟಿಕ್ಕು ಇನ್ನೂ ಕಿತ್ತಿಲ್ಲ,
ಮುಂದೆ ಬಿಟ್ಟರೆ ಕುಣಿಗಲ್ಲಿಗೇ ಹೋಗಿ ಫೋನ್ ಮಾಡ್ತಾನೆ.
ಅವನು ಎರಡನೆಯವನು.
ಬಾಲಕ್ಕೆ ನಾನು.
ಎಲ್ಲರ ಧೂಳು ಕುಡಿಯಬೇಕು, ಯಾರನ್ನೂ ಹಿಂದೆ ಹಾಕಬಾರದು,
ತಿರುವು ತಿರುವಿಗೂ ಕೆಂಪು ದೀಪ ಎಣಿಸಬೇಕು.

ಮೊದಲನೆಯ ಹೆಸರು ಅಷ್ಫಾಕ್ ಅಂತ ಬರೆದಿತ್ತು.
ಎಂಟು ವರ್ಷದಲ್ಲಿ ಮೊದಲ ಸಲ.
ನೋಡಿದೆವು ಎಲ್ಲರೂ. ಕೇಳಲಿಲ್ಲ ಒಬ್ಬರೂ.
ಚಾಕಿನ ಪುಡಿ ಊದುತ್ತಾ ಅವರೇ ಅಂದರು:
"ಎದುರಿನ ದೀಪ ಒಂದು ಎರಡಾಗಿ ಕಾಣ್ತದೆ ಕಣವ್ವ.
ಯಾವುದರ ಪಕ್ಕ ಹೋಗಲಿ?"

ಹೊರಗೆ ಲಾರಿಯೊಂದು ಹಾಡುತ್ತಾ ಹಿಂದಕ್ಕೆ ಬರುತ್ತಿತ್ತು.
ನಂಜುಂಡಾಚಾರ್ ಖಾಲಿ ಲೋಟ ಎತ್ತಿ ಕುಡಿದರು.
"ಬಾಲದ ಗಾಡಿಯಲ್ಲಿ ಹಿಂದಿನ ಸೀಟು ಖಾಲಿಯೋ?"

ಎಲ್ಲರೂ ಹೋದರು. ನಾನು ಶಟರು ಪೂರ್ತಿ ಎಳೆದೆ.
ಸೀಟು ಹೊಲಿಯುವವಳು ನಾನು.
ಯಾರು ಎತ್ತ ವಾಲಿ ಕೂರುತ್ತಾರೆ, ಯಾರು ಹೆದರಿ ಟ್ಯಾಂಕಿಗಂಟುತ್ತಾರೆ,
ಯಾರ ಹಿಂದೆ ಯಾರೂ ಕೂತಿಲ್ಲ,
ಹಳೇ ಫೋಮು ಬಿಚ್ಚಿದರೆ ಎಲ್ಲ ಹೇಳುತ್ತದೆ.
ಆ ಜಾವಾದ ಸೀಟು ಮೂರು ಸಲ ಬಿಚ್ಚಿದ್ದೇನೆ:
ಕೀಲಿ ಹೊತ್ತ ಬಲಗಡೆಗೇ ಯಾವತ್ತೂ ಹಳ್ಳ.
ನನ್ನ ಗಾಡಿಯ ಹಿಂದಿನ ಸೀಟು ಕಿತ್ತು
ಹೊಸ ಫೋಮು ಕೊಯ್ದೆ,
ಬಲಕ್ಕೆ ಅರ್ಧ ಬೆರಳು ತಗ್ಗಿಸಿ.

ಭಾನುವಾರ, ಆ ಸಿಮೆಂಟಿನ ಆನೆಗಳ ಹತ್ತಿರ
ಅವರು ನನ್ನ ಎಡ ಹೆಗಲು ತಟ್ಟುತ್ತಾರೆ, ಗೊತ್ತು,
ಆನೆ ಕಾಣುವುದಕ್ಕೆ ಸ್ವಲ್ಪ ಮೊದಲೇ.
ನಾಲ್ಕು ಕೆಂಪು ದೀಪ ಮುಂದೆ ಹೋಗಲಿ.
ಮರ ಇದ್ದ ಜಾಗ ಎಲ್ಲಿ ಅಂತ
ನಾನೊಮ್ಮೆ ಗಾಡಿ ನಿಲ್ಲಿಸಿ ಕೇಳಬೇಕು.