ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ

ಅಡುಗೆಮನೆಯ ಮೇಜಿನ ಮೇಲೊಂದು ಇಳಿಜಾರು.
ನೀಲಾಂಬಿಕೆ ಸ್ಕೇಲಿಟ್ಟು ಎಳೆದಿದ್ದಾಳೆ.
ಅದರ ಮೇಲೊಂದು ಡಬ್ಬಿ, ಡಬ್ಬಿಯ ಹೊಟ್ಟೆಯಿಂದ ಎರಡೇ ಬಾಣ:
ಒಂದು ನೇರ ಪಾತಾಳಕ್ಕೆ,
ಇನ್ನೊಂದು ಇಳಿಜಾರನ್ನು ಒದ್ದು ಮೇಲಕ್ಕೆ.
"ಮೂರನೇದು?" ಅಂದೆ, ಬೆಳ್ಳುಳ್ಳಿ ಸುಲಿಯುತ್ತ.
"ಇಲ್ಲಮ್ಮ. ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ
ಪ್ರಶ್ನೆಯಲ್ಲೇ ಹೇಳಿದಾರೆ."

ಹೇಳಿದವರು ಯಾರೋ, ಶೆಫೀಲ್ಡಿನವರಂತೂ ಅಲ್ಲ.
ಗುಡ್ಡಗಳ ಊರು ಇದು. ಬೆಳಗಿನ ಐದೂಕಾಲಿಗೆ
ಟ್ರಾಮ್ ತೆಗೆದು ಪಾರ್ಕ್ ಗ್ರೇಂಜ್ ಇಳಿಯುವಾಗ
ಹಳಿಯ ಮೇಲಿನ ಇಬ್ಬನಿ,
ಅಕ್ಟೋಬರಾದರೆ ಕೊಳೆತ ಎಲೆ,
ಶನಿವಾರ ರಾತ್ರಿ ಯಾರೋ ಚೆಲ್ಲಿದ ಬಿಯರು,
ಯಾವುದನ್ನೂ ಲೆಕ್ಕದಿಂದ ಬಿಡುವ ಹಾಗಿಲ್ಲ.
ಜಾರಿತು ಅನ್ನುವಷ್ಟರಲ್ಲಿ
ಗಾಲಿಯ ಮುಂದೆ ಒಂದಿಷ್ಟು ಮರಳು ಸುರಿಯಬೇಕು.
ಹಿಡಿ ಮರಳು. ಅದರ ಮೇಲೆ ಅಷ್ಟೊಂದು ಟನ್ನು ಕಬ್ಬಿಣ,
ಅರ್ಧ ನಿದ್ದೆಯ ನರ್ಸುಗಳು, ಆಫೀಸು ಗುಡಿಸುವವರು, ಒಂದು ನಾಯಿ.

"ಸೂತ್ರದ ಪುಸ್ತಕ ಅವರೇ ಕೊಡ್ತಾರೆ, ಪರೀಕ್ಷೆ ಕೋಣೆಯಲ್ಲಿ."
ನಾನು ನಂಬಲಿಲ್ಲ, ತೋರಿಸಿದ ಮೇಲೂ.
ಹರಿಹರದಲ್ಲಿ ನನ್ನ ಮುಂದಿನ ಬೆಂಚಿನ ಶಾಂತವೀರ
ಇವೇ ಸೂತ್ರಗಳನ್ನು ಅಂಗೈಯಲ್ಲಿ ಬರೆದುಕೊಂಡು ಹೋಗಿ
ಡಿಬಾರಾಗಿದ್ದ.
ಕೊಟ್ರಪ್ಪ ಮೇಷ್ಟ್ರು ಮಾಡಿಸಿದ ಬಾಯಿಪಾಠ ಇನ್ನೂ ನಾಲಿಗೆ ಮೇಲಿದೆ:
ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ.
ಮಗ್ಗಿಯ ಹಾಗೆ ರಾಗವಾಗಿ ಹೇಳಿಸುತ್ತಿದ್ದರು,
ಅರ್ಥ ಗೊತ್ತಾದರೆ ರಾಗ ಕೆಟ್ಟೀತು ಅನ್ನುವ ಹಾಗೆ.
ಆಮೇಲೆ ಪಿಯುಸಿ. ಆಮೇಲೆ ಇಂಗ್ಲಿಷು.
ಭೌತಶಾಸ್ತ್ರ: ಮೂವತ್ತೊಂದು.
ಮಗಳಿಗೆ ಹೇಳಿಲ್ಲ.
ಟ್ರಾಮ್ ಡಿಪೋದ ಸಂದರ್ಶನದಲ್ಲೂ ಯಾರೂ ಕೇಳಲಿಲ್ಲ.

ಸಂಜೆ ಮೇಲಿನ ಬೀದಿಯ ಇಫ್ರಾ ಬಂದಿದ್ದಳು.
ಅವಳಿಗೆ ಅಲೆಗಳು ಗೊತ್ತು, ಇವಳಿಗೆ ವಿದ್ಯುತ್ತು.
ಒಬ್ಬರಿಗೊಬ್ಬರು ಪಾಠ, ಒಬ್ಬರ ಮೇಲೊಬ್ಬರಿಗೆ ಸಿಟ್ಟು,
ಹಸಿವಾದಾಗ ಮಾತ್ರ ಇಬ್ಬರೂ ಒಂದೇ ದಿಕ್ಕಿಗೆ ಹರಿದರು,
ಫ್ರಿಜ್ಜಿನ ಕಡೆಗೆ.
ಹತ್ತಾದರೂ ಆಕಾಶ ಪೂರ್ತಿ ಆರಿರಲಿಲ್ಲ.
ಜೂನ್ ತಿಂಗಳ ಈ ಬೆಳಕಿಗೆ
ಮಲಗು ಅಂತ ಯಾರು ಹೇಳುವುದು, ಹೇಗೆ?

"ಅಮ್ಮ, ಜೋರಾಗಿ ಬ್ರೇಕ್ ಹಾಕಿದರೆ ಬೇಗ ನಿಲ್ಲುತ್ತಲ್ಲ?"
ಹಾಳೆಯಿಂದ ತಲೆ ಎತ್ತದೆ ಕೇಳಿದಳು, ಇಫ್ರಾ ಹೋದ ಮೇಲೆ.
ಇಲ್ಲ ಅಂದೆ. ತೀರಾ ಒತ್ತಿದರೆ ಗಾಲಿ ನಿಲ್ಲುತ್ತೆ,
ಟ್ರಾಮ್ ನಿಲ್ಲಲ್ಲ.
ಉರುಳೋ ಗಾಲಿ ಹಳಿಯನ್ನ ಹಿಡಕೊಂಡಿರುತ್ತೆ,
ನಿಂತ ಗಾಲಿ ಕೈಬಿಟ್ಟು ಜಾರುತ್ತೆ.
ಅದಕ್ಕೇ ಸ್ವಲ್ಪ ಬಿಡಬೇಕು.
ಮತ್ತೆ ಹಿಡೀಬೇಕು. ಮತ್ತೆ ಬಿಡಬೇಕು.
ಎಷ್ಟು ಅಂತ ಅಂಗೈಗೆ ಗೊತ್ತಾಗುತ್ತೆ.

ಪೆನ್ನು ನಿಂತಿತು.
"ಇದು ಮುಂದಿನ ಉಪಪ್ರಶ್ನೆ, ಅಮ್ಮ. ಎರಡು ಅಂಕ.
ತಗೋ, ನಿನಗೆ."
ಅಂಚಿನಲ್ಲಿ ಕೆಂಪು ಶಾಯಿಯ ಗುರುತು ಹಾಕಿಯೇಬಿಟ್ಟಳು.
ಮೂವತ್ಮೂರು.
ಇನ್ನೆರಡು ಬಾಕಿ.

ನಾಳೆ ಅವಳಿಗೆ ಒಂಬತ್ತಕ್ಕೆ, ನನಗೆ ಐದಕ್ಕೆ.
ನೀರಿನ ಬಾಟಲಿಯ ಮೇಲೆ ಚೀಟಿ ಇರಬಾರದಂತೆ, ನಿಯಮ.
ಬೆಳಿಗ್ಗೆ ನಾನಿರುವುದಿಲ್ಲ, ಈಗಲೇ
ಉಗುರಿನಿಂದ ಕೀಳುತ್ತ ಕೂತಿದ್ದೇನೆ.
ಕಾಗದ ಬಂತು. ಅಂಟು ಬರಲಿಲ್ಲ.
ಬಿಸಿನೀರು, ಕೊಬ್ಬರಿ ಎಣ್ಣೆ, ಪಾತ್ರೆ ತಿಕ್ಕುವ ನಾರು, ಎಲ್ಲ ಆಯಿತು.
ಸವರಿದರೆ ಈಗಲೂ ಅಲ್ಲೊಂದು ಕಡೆ
ಬೆರಳು ತಡೆದು ಮುಂದೆ ಹೋಗುತ್ತದೆ.
ಇರಲಿ ಬಿಡು.
ಅವಳ ಕೈಯಿಂದ ಜಾರುವುದಿಲ್ಲ.