ಮೂರನೆಯ ಗೆರೆ

ಇಳಿದದ್ದೇನೋ ಚೆನ್ನಾಗಿಯೇ ಇಳಿದೆ.
ಬಾಳೆಲೆಯ ಆಚೆ, ಕೊಯ್ಲು ಮುಗಿದ ಗದ್ದೆಗಳ ನಡುವೆ
ಬದು ಕಡಿದು, ರೋಲರ್ ಎಳೆದು ಮಾಡಿದ ಹುಲ್ಲಿನ ಪಟ್ಟಿ.
ಮುಂದಿನ ಎರಡು ಚಕ್ರ, ಬಾಲದ ಪುಟಾಣಿ ಚಕ್ರ,
ಮೂರೂ ಒಟ್ಟಿಗೆ ನೆಲ ಮುಟ್ಟಿದವು,
ಕಾಫಿ ಕಣದ ಗೋಡೆಯಿಂದ ಬೆಕ್ಕು ಇಳಿದಂತೆ.

ಉಸಿರು ಬಿಟ್ಟೆ.

"ನಿಂತ ಮೇಲೆ ಬಿಡು ಉಸಿರು" ಅಂತ ಉತ್ತಯ್ಯ ಮಾಸ್ಟರ್
ಹನ್ನೊಂದು ದಿನದಿಂದ ಹೇಳುತ್ತಲೇ ಇದ್ದರು.
"ಇದು ಬಾಲದ ಗಾಡಿ, ದೇಚು. ಭಾರವೆಲ್ಲ ಹಿಂದೆ.
ನೆಲಕ್ಕೆ ಬಂತೋ, ಬಾಲಕ್ಕೆ ತಲೆಯನ್ನು ಹಿಂದಿಕ್ಕುವ ಆಸೆ."

ಬ್ರಹ್ಮಗಿರಿಯ ಕಡೆಯಿಂದ ಗಾಳಿ, ಜೋರೇನಲ್ಲ,
ಕಂಬದ ಗಾಳಿಚೀಲ ಅರ್ಧ ತುಂಬುವಷ್ಟು
(ಗೋಣಿಕೊಪ್ಪದ ಟೈಲರ್ ಹೊಲಿದದ್ದು, ಹಳೇ ಕೊಡೆಬಟ್ಟೆಯಲ್ಲಿ).
ಮೂತಿ ಎಡಕ್ಕೆ ಒಂದು ಬೆರಳು ಸರಿಯಿತು.
ಇಪ್ಪತ್ತೆರಡು ವರ್ಷ ಜೀಪು ಓಡಿಸಿದ ಕೈ
ಕೋಲನ್ನು ಬಲಕ್ಕೆ ಎಳೆಯಿತು, ಸ್ಟೀರಿಂಗು ಅಂದುಕೊಂಡು.
ಕಾಲು? ಕಾಲು ಎಲ್ಲಿತ್ತೋ.
ನೆನಪಾಗಿ ಬಲದ ಪೆಡಲು ತುಳಿಯುವ ಹೊತ್ತಿಗೆ
ಕಿಟಕಿಯಲ್ಲಿ ಎಲ್ಲ ಅಡ್ಡಡ್ಡ ಓಡುತ್ತಿತ್ತು,
ಸಿಲ್ವರ್ ಮರ, ನೀರಿನ ಟ್ಯಾಂಕು, ಯಾರದೋ ಸ್ಕೂಟರ್, ಮತ್ತೆ ಸಿಲ್ವರ್ ಮರ,
ಬಲರೆಕ್ಕೆಯ ತುದಿ ಕೂಳೆ ಕೆರೆಯುವ ಸದ್ದು,
ಆಮೇಲೆ ಸದ್ದಿಲ್ಲ.

ಬಡಗಣಕ್ಕೆ ಓಡುತ್ತಿದ್ದವರು
ಕುಟ್ಟದ ಕಡೆ ಮುಖ ಮಾಡಿ ನಿಂತಿದ್ದೆವು,
ಬಂದ ದಾರಿಯನ್ನೇ ದಿಟ್ಟಿಸುತ್ತ.
ಮಾಸ್ಟರ್ ಕೈ ಚಾಚಿ ಸ್ವಿಚ್ಚು ಆರಿಸಿದರು.
ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಲೇಸಿತ್ತು.
"ಒಮ್ಮೆಲೇ ತಿರುಗಿಬಿಟ್ಟಿತು" ಅಂದೆ.

ಹುಲ್ಲು ಕೊಯ್ಯುವ ಬೊಳ್ಳು ಬಂದ.
ಮೊದಲು ನಾಗರಹೊಳೆಯಲ್ಲಿ ವಾಚರ್, ಆನೆಯ ಹೆಜ್ಜೆ ನೋಡಿ
ಹೋದದ್ದು ರಾತ್ರಿಯೋ ಬೆಳಗಿನ ಜಾವವೋ ಹೇಳುವವನು.
ವಿಮಾನದ ಕಡೆ ಕಣ್ಣೂ ಹಾಯಿಸಲಿಲ್ಲ.
ಕುಕ್ಕರುಗಾಲಲ್ಲಿ ಕೂತು
ಇಬ್ಬನಿಯ ಹುಲ್ಲಿನ ಮೇಲಿನ ಗೆರೆಗಳನ್ನು ನೋಡಿದ:
ದಪ್ಪಗೆ ಎರಡು, ನಡುವೆ ತೆಳ್ಳಗೆ ಇನ್ನೊಂದು.
ಎದ್ದು ಹಿಂದಕ್ಕೆ ನಡೆದ, ನಡೆದ,
ತಿರುಗಿದ್ದು ಇಲ್ಲಿ ಎಂದು ನಾನು ಅಂದುಕೊಂಡ ಜಾಗವನ್ನೂ ದಾಟಿ
ಇನ್ನೂ ಮೂವತ್ತು ಹೆಜ್ಜೆ.
ಅಲ್ಲಿ ಬೆರಳಿಟ್ಟ. ಮೂರನೆಯ ಗೆರೆ ನಡು ಬಿಟ್ಟು
ಬಲದ ಗೆರೆಯ ಕಡೆಗೆ ವಾಲಿತ್ತು, ಒಂದು ಕಡ್ಡಿಯಷ್ಟು.

"ಅಮ್ಮಾ, ನೀವು ಇಲ್ಲೇ ತಿರುಗಿ ಆಗಿತ್ತು."

ಆಗ ನಾನು ನಗುತ್ತಿದ್ದೆ.

ರೆಕ್ಕೆಯ ತುದಿಯಿಂದ ಮಣ್ಣು ಉಜ್ಜಿ ತೆಗೆಯುತ್ತ
ಮಾಸ್ಟರ್ ನನ್ನ ಬೂಟು ನೋಡಿದರು.
"ನಾಳೆ ಬರಿಗಾಲಲ್ಲಿ ಬಾ."