ಅಡ್ಡಹೆಸರು, ಇದ್ದಲ್ಲಿ

ಹೊಸನಗರದ ತಾಲೂಕು ಕಚೇರಿ ಎದುರು
ಮುರುಕು ಮೇಜು, ಎರಡು ಪೆನ್ನು, ಗೋಂದಿನ ಬಾಟಲಿ.
ಹತ್ತೊಂಬತ್ತು ವರ್ಷದಿಂದ ಊರವರ ಅರ್ಜಿ ಬರೆಯುತ್ತೇನೆ.
ತಂದೆಯ ಹೆಸರು, ಸರ್ವೆ ನಂಬರು, ಪಡಿತರ ಚೀಟಿ
ಎಲ್ಲಕ್ಕೂ ಥಟ್ಟನೆ ಉತ್ತರ ಬರುತ್ತದೆ.
'ಅಡ್ಡಹೆಸರು, ಇದ್ದಲ್ಲಿ' ಎಂಬಲ್ಲಿ ಮಾತ್ರ
ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.
ಒಂದು ಗೀಟು ಹಾಕಿ ಅಕ್ಕ, ಎನ್ನುತ್ತಾರೆ.
ಹಾಕುತ್ತೇನೆ.

ನನಗೂ ಒಂದಿತ್ತು. ಹೊರೆಕಲ್ಲು.
ಹುಲಿಕಲ್ ಘಾಟಿ ಹತ್ತಿ ಬಂದವರು
ತಲೆಹೊರೆ ಇಳಿಸಲೆಂದು ಯಾರೋ ನಿಲ್ಲಿಸಿದ್ದು:
ಎರಡು ಕಂಬ, ಮೇಲೊಂದು ಅಡ್ಡ ಚಪ್ಪಡಿ,
ಆಳೆತ್ತರಕ್ಕೆ ಗೇಣು ಕಡಿಮೆ.
ಕುಕ್ಕರಿಸಬೇಕಿಲ್ಲ, ಕೈ ಕೊಡಿ ಎಂದು ಯಾರನ್ನೂ ಕರೆಯಬೇಕಿಲ್ಲ,
ಕತ್ತು ತುಸು ಬಾಗಿಸಿದರೆ ಭಾರ ಅದರದು.
ಕೆಳಗಿನಿಂದ ಉಪ್ಪು, ಒಣಮೀನು. ಮೇಲಿನಿಂದ ಅಕ್ಕಿ, ಮೆಣಸು.
ಪಕ್ಕದಲ್ಲಿ ಗಡಿಗೆ ನೀರಿಟ್ಟು ಕೂತವನು ದುಗ್ಗ.
ಕುಡಿದವರು ಹಿಡಿ ಉಪ್ಪು ಕೊಟ್ಟು ಹೋಗುತ್ತಿದ್ದರಂತೆ.
ಹೊರೆಕಲ್ಲು ದುಗ್ಗ ಎಂದರು. ದುಗ್ಗ ಸತ್ತ,
ಕಲ್ಲು ಅವನ ಮಕ್ಕಳ ತಲೆಗೇರಿತು.
ಹೊರೆ ಇಳಿಸುವ ಕಲ್ಲನ್ನೇ ಹೊತ್ತುಕೊಂಡು ನಡೆದರು.

ಲಾರಿ ಬಂತು. ನೀರು ಕೇಳುವವರಿಲ್ಲ.
ಒಬ್ಬ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರಿದ.
ಹಾಜರಿ ಪುಸ್ತಕದವನಿಗೆ ಪುರುಸೊತ್ತಿಲ್ಲ, 'ಎಚ್' ಎಂದು ಬರೆದ.
ಆ ಎಚ್ಚಿನ ನೆರಳಲ್ಲಿ ಈಗ ಇಪ್ಪತ್ತೇಳು ಜನ.
ಏನು ಎಚ್ ಎಂದರೆ, ಹೊಳೆಹೊನ್ನೂರು ಇರಬೇಕು ಎನ್ನುತ್ತಾರೆ.
ಶಿವಮೊಗ್ಗದವನು ಟಯರಿನ ಅಂಗಡಿ ಇಟ್ಟ,
ಬೋರ್ಡಿನ ಪೇಂಟರು ದೀರ್ಘ ಕೊಟ್ಟು 'ಹೋರೆಕಲ್ಲು' ಮಾಡಿದ,
ಪುನಃ ಬರೆಸಿದರೆ ಪುನಃ ದುಡ್ಡು;
ಕಂದಾಯದ ರಸೀದಿಯೂ ಬೋರ್ಡನ್ನೇ ನೋಡಿ ಕಲಿಯಿತು.
ಹುಬ್ಬಳ್ಳಿಗೆ ಹೋದದ್ದು ಹೊರಕಲ್ಲ ಆಯಿತು,
ಖಾನಾಪುರ ದಾಟುವಾಗ ಅದಕ್ಕೊಂದು ಬಾಲ ಬೆಳೆದು ಹೊರ್ಕಲ್ಕರ್.
ಹೆಣ್ಣುಮಕ್ಕಳು ಹೋದ ದಾರಿಯ ಲೆಕ್ಕ ಯಾರೂ ಇಟ್ಟಿಲ್ಲ.
ಮತದಾರರ ಪಟ್ಟಿಯ ಕೆಲಸ ಸಿಕ್ಕ ವರ್ಷ ನಾನೇ ಎಣಿಸಿದೆ.
ಹುಲಿಕಲ್ ಸುತ್ತ: ಸೊನ್ನೆ.
ಕಲ್ಲಿದ್ದ ಜಾಗ ಒಂದು ಬಿಟ್ಟು ಎಲ್ಲ ಕಡೆ ಹೊರೆಕಲ್ಲು.

ಮೊನ್ನೆ ಮಂಗಳವಾರ ವಸಂತ ಹೊರ್ಕಲ್ಕರ್ ಬಂದ.
ಅರ್ಧ ಕನ್ನಡ, ಅರ್ಧ ಮರಾಠಿ, ಬೆನ್ನಿಗೆ ಚೀಲ.
ಮಗಳ ಕಾಲೇಜಿಗೆ ಮೂಲ ಊರಿನ ದಾಖಲೆ ಬೇಕಂತೆ.
ಹೊರ್ಕಲ್ ಎಂಬ ಹಳ್ಳಿ ಎಲ್ಲಿ ಬರುತ್ತದೆ?
ಹಳ್ಳಿಯಲ್ಲ ಮಾರಾಯ, ಕಲ್ಲು, ಎಂದೆ.
ಮೇಜು ಜೆರಾಕ್ಸಿನವನಿಗೆ ಒಪ್ಪಿಸಿ ಮಾಸ್ತಿಕಟ್ಟೆ ಬಸ್ಸು ಹತ್ತಿದೆವು.

ರಸ್ತೆ ಅಗಲವಾದಾಗ ಕಂಬಗಳು ಮೋರಿಯೊಳಗೆ ಹೋಗಿದ್ದವು.
ಚಪ್ಪಡಿ ಸೆವ್ರಿನ್ ಬಾಯಿಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲು.
ಅವಳು ಡಯಾಸ್. ಆ ಹೆಸರು ಘಾಟಿಯೊಂದನ್ನೇ ಅಲ್ಲ,
ಕಡಲನ್ನೂ ಹತ್ತಿ ಇಳಿದು ಬಂದದ್ದು;
ಮೂಲ ಯಾವುದೆಂದು ಯಾವ ಕಚೇರಿಯೂ ಅವಳನ್ನು ಕೇಳಿಲ್ಲ.

ಒದ್ದೆ ಕಲ್ಲು. ನಡುವೆ ಸವೆದ ತಗ್ಗು,
ಉಪ್ಪಿನ ಮೂಟೆಯದೋ, ಕಂಬಳಿಯದೋ, ಹೇಳುವಂತಿಲ್ಲ.
ವಸಂತ ನಿಂತೇ ಇದ್ದ. ಫೋಟೋ ತೆಗೆಯಲಿಲ್ಲ.
'ಚೀಲ ಇಡಿ, ಎಷ್ಟು ಹೊತ್ತು ಹೊತ್ತಿರ್ತೀರಿ,'
ಎಂದಳು ಸೆವ್ರಿನ್ ಬಾಯಿ, ಬಕೆಟ್ಟು ಸರಿಸಿ.
ಇಟ್ಟ.
ಚೀಲದ ತಳ ನೆನೆಯಿತು. ದಾಖಲೆ ಎಲ್ಲ ಅದರಲ್ಲೇ ಇತ್ತು.

ವಾಪಸು ಬಸ್ಸಿನಲ್ಲಿ, ತೊಡೆಯ ಮೇಲೆ ಇಟ್ಟು ಅರ್ಜಿ ಬರೆದೆ.
ಸಾಕ್ಷಿ ಎಂಬಲ್ಲಿ ನನ್ನ ಸಹಿ,
ಗಂಡನ ಮನೆಯ ಹೆಸರಿನಲ್ಲಿ.
ಬರೆದದ್ದಕ್ಕೆ ಐವತ್ತು ರೂಪಾಯಿ ಕೊಟ್ಟ. ತಗೊಂಡೆ.
ನೆಂಟ ಎಂದು ಬಿಡಬಹುದಿತ್ತು.